ಊರಿಗೆ ಮಿಲಿಟರಿ ಬಂದರೆ ನಾವೇನು ಮಾಡಬೇಕು?

ಮಂಡ್ಯ, ಮೈಸೂರು ಕಡೆ ಗಲಾಟೆ ಜೋರಾದ ಕೂಡಲೇ ಒಂದು ಮಾತು ಊರೆಲ್ಲ ಹರಿದಾಡುತ್ತದೆ: "ಮಿಲಿಟರಿ ಬಂತಂತೆ." ಕಾವೇರಿ ಗಲಾಟೆ ಇರಲಿ, ಗಣೇಶನ ಮೆರವಣಿಗೆಯ ಗಲಾಟೆ ಇರಲಿ, ಈ ಮಾತು ತಪ್ಪುವುದಿಲ್ಲ. ಹೆಚ್ಚಿನ ಸಲ ಬಂದಿರುವುದು ಮಿಲಿಟರಿ ಅಲ್ಲ, ಬೇರೆ ಪಡೆ. ಆದರೆ ಆ ಒಂದು ಮಾತಿಗೇ ಅಂಗಡಿ ಬಾಗಿಲು ಬೀಳುತ್ತವೆ, ಕೆಲವರಿಗೆ ಧೈರ್ಯ ಬರುತ್ತದೆ, ಕೆಲವರು ಮಕ್ಕಳನ್ನು ಕರೆದುಕೊಂಡು ನೆಂಟರ ಊರಿಗೆ ಹೊರಡುತ್ತಾರೆ.

ಶಾಂತಿ ಸಭೆಯಲ್ಲಿ ಕೂರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂದರೆ ಗ್ರಾಮ ಪಂಚಾಯ್ತಿ ಸದಸ್ಯರು, ಹಾಲಿನ ಡೈರಿ ಕಾರ್ಯದರ್ಶಿ, ಮಸೀದಿ ಕಮಿಟಿಯವರು, ಗಣಪತಿ ಕೂರಿಸುವ ಹುಡುಗರು, ರೈತಸಂಘದವರು, ಮಹಿಳಾ ಸಂಘದವರು. ನಾನು ಗಟ್ಟಿಯಾಗಿ ನಂಬಿರುವ ವಿಷಯ ಒಂದೇ. ಸೇನೆಯೋ ಅರೆಸೇನೆಯೋ ಬಂದು ಊರಿಗೆ ಕೊಡುವುದು ಒಂದಷ್ಟು ದಿನಗಳ ಸಮಯ ಮಾತ್ರ. ಆ ಸಮಯದಲ್ಲಿ ಶಾಂತಿ ಮಾಡಿಕೊಳ್ಳಬೇಕಾದವರು ಊರಿನವರು ಮತ್ತು ಜಿಲ್ಲಾಡಳಿತ. ಸಮಯ ಸುಮ್ನೆ ಕಳೆದುಹೋದರೆ ಪಡೆ ವಾಪಸ್ ಹೋದ ಮೇಲೆ ಅದೇ ಗಲಾಟೆ ಮತ್ತೆ ಶುರುವಾಗುತ್ತದೆ.

ಮೊದಲು ಬಂದವರು ಯಾರು ಅಂತ ನೋಡಿ

ಖಾಕಿ ಹಾಕಿದ್ದರೆ ಹೆಚ್ಚಾಗಿ ನಮ್ಮ ರಾಜ್ಯದ ಪೊಲೀಸರು. ಕೆಎಸ್‌ಆರ್‌ಪಿ (ಕರ್ನಾಟಕ ರಾಜ್ಯ ಮೀಸಲು ಪೊಲೀಸ್) ವ್ಯಾನು ಬಂದು ನಿಂತಿದ್ದರೆ ಅದೂ ರಾಜ್ಯದ್ದೇ. ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಮೈಸೂರು ನಗರದಲ್ಲಾದರೆ ನಗರ ಸಶಸ್ತ್ರ ಮೀಸಲು ಪಡೆ, ಇವೂ ರಾಜ್ಯದವು. ದಸರಾದಲ್ಲಿ 21 ಕುಶಾಲತೋಪು ಹಾರಿಸುವವರನ್ನು ಎಷ್ಟೋ ಜನ ಮಿಲಿಟರಿಯವರು ಅಂದುಕೊಂಡಿದ್ದಾರೆ. ಅವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು.

ನೀಲಿ ಬಣ್ಣದ ಚುಕ್ಕೆ ಚುಕ್ಕೆ ಸಮವಸ್ತ್ರ, ಕೈಯಲ್ಲಿ ಲಾಠಿ, ಗುರಾಣಿ, ಅಶ್ರುವಾಯು ಬಂದೂಕು ಕಂಡರೆ ಅದು ಆರ್‌ಎಎಫ್, ಅಂದರೆ ಕ್ಷಿಪ್ರ ಕಾರ್ಯಪಡೆ. ಇದು ಸಿಆರ್‌ಪಿಎಫ್‌ನ, ಅಂದರೆ ಕೇಂದ್ರ ಮೀಸಲು ಪೊಲೀಸ್ ಪಡೆಯ ಒಂದು ಭಾಗ. ಗಲಭೆ ನಿಭಾಯಿಸುವುದಕ್ಕೆಂದೇ 1992ರಲ್ಲಿ ಕೆಲಸ ಶುರುಮಾಡಿದ ಪಡೆ. ಕೇಂದ್ರದ ಗೃಹ ಸಚಿವಾಲಯದ ಕೆಳಗೆ ಬರುತ್ತದೆ, ರಕ್ಷಣಾ ಸಚಿವಾಲಯದ ಕೆಳಗಲ್ಲ. ನಮ್ಮ ರಾಜ್ಯದಲ್ಲಿ ಭದ್ರಾವತಿಯಲ್ಲಿ ಇದರ ಬೆಟಾಲಿಯನ್ ಇದೆ. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಂಡ್ಯ ಬಂದ್, ಹೆದ್ದಾರಿ ತಡೆ, ಬೆಂಗಳೂರಿನಲ್ಲಿ ಬಸ್ಸು ಸುಟ್ಟಿದ್ದು, ಕರ್ಫ್ಯೂ ಎಲ್ಲ ಆಯ್ತಲ್ಲ, ಆಗ ಕೇಂದ್ರ ಕಳಿಸಿದ್ದು ಈ ಪಡೆಯನ್ನೇ.

ನಿಜವಾದ ಭೂಸೇನೆ ಬಂದಿದ್ದರೆ ಗುರುತಿಸುವುದು ಸುಲಭ. ಗಾಡಿಯ ನಂಬರ್ ಪ್ಲೇಟ್ ನೋಡಿ. ಕೆಎ ಅಂತ ಇರುವುದಿಲ್ಲ, ಮೇಲ್ಮುಖವಾದ ಒಂದು ಬಾಣದ ಗುರುತಿರುತ್ತದೆ. ನಮಗೆ ಹತ್ತಿರದ ದೊಡ್ಡ ಸೇನಾ ನೆಲೆ ಬೆಂಗಳೂರು, ಕರ್ನಾಟಕ ಮತ್ತು ಕೇರಳಕ್ಕೆ ಸೇರಿದ ಸೇನೆಯ ಉಪ ಪ್ರದೇಶ ಕೇಂದ್ರ ಕಚೇರಿ ಇರುವುದೂ ಅಲ್ಲೇ. ಹಾಗಾಗಿ ಸೇನೆ ಬರಬೇಕಾದರೆ ಸಾಮಾನ್ಯವಾಗಿ ಆ ಕಡೆಯಿಂದಲೇ ಬರಬೇಕು.

ಇಷ್ಟು ವಿವರ ಯಾಕೆ? ಪಡೆ ಬದಲಾದರೆ ಕಾನೂನು, ದೂರು ಕೊಡುವ ಜಾಗ, ಉತ್ತರ ಕೊಡಬೇಕಾದವರು ಎಲ್ಲವೂ ಬದಲಾಗುತ್ತದೆ. "ಮಿಲಿಟರಿಯವರು ಹೊಡೆದರು" ಅಂತ ಪೊಲೀಸರ ಬಗ್ಗೆ ಬರೆದ ಅರ್ಜಿ ಎಲ್ಲೂ ದಡ ಸೇರುವುದಿಲ್ಲ.

ಯಾರು ಕರೆದರೆ ಬರುತ್ತಾರೆ

ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಸರ್ಕಾರದ ಕೆಲಸ ಅಂತ ಸಂವಿಧಾನ ಹೇಳುತ್ತದೆ. ಸೇನೆ ತಾನಾಗಿಯೇ ಊರೊಳಗೆ ಬಂದು ಕೂರುವ ಹಾಗಿಲ್ಲ. ನಾಗರಿಕ ಆಡಳಿತ ಕರೆದಾಗ, ಅದರ ನೆರವಿಗೆ ಅಂತ ಬರಬೇಕು. 355ನೇ ವಿಧಿ ಪ್ರಕಾರ ಆಂತರಿಕ ಗಲಭೆಯಿಂದ ರಾಜ್ಯವನ್ನು ಕಾಪಾಡುವ ಹೊಣೆ ಕೇಂದ್ರಕ್ಕೂ ಇದೆ, ಆದರೆ ನೆಲದ ಮೇಲೆ ಕೆಲಸ ನಡೆಯುವುದು ಜಿಲ್ಲಾಡಳಿತದ ಮೂಲಕ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎಲ್ಲರ ಬಾಯಲ್ಲೂ ಇರುವ 144 ಸೆಕ್ಷನ್ ಈಗ 163. ಗುಂಪು ಚದುರಿಸುವ ಸೆಕ್ಷನ್‌ಗಳು 148ರಿಂದ 151. ಇವು ನಾಲ್ಕನ್ನು ಶಾಂತಿ ಸಮಿತಿಯಲ್ಲಿ ಒಬ್ಬರಾದರೂ ಓದಿರಬೇಕು. ವಕೀಲರೇ ಬೇಕು ಅಂತಿಲ್ಲ, ಪುಟ ಎರಡೂ ಆಗುವುದಿಲ್ಲ.

ಸಾರ ಇಷ್ಟು. ಐದು ಅಥವಾ ಹೆಚ್ಚು ಜನ ಸೇರಿ ಶಾಂತಿ ಕೆಡಿಸುವ ಹಾಗಿದ್ದರೆ ಮೊದಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೋ (ತಹಶೀಲ್ದಾರ್, ಉಪವಿಭಾಗಾಧಿಕಾರಿಯಂಥವರು) ಠಾಣಾಧಿಕಾರಿಯೋ ಚದುರಿ ಅಂತ ಹೇಳಬೇಕು. ಕೇಳದಿದ್ದರೆ ಪೊಲೀಸ್ ಬಲ. ಅದಕ್ಕೂ ಆಗದೆ, ಸಾರ್ವಜನಿಕ ಭದ್ರತೆಗೆ ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಜಿಲ್ಲಾಧಿಕಾರಿ, ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಸ್ಥಳದಲ್ಲಿದ್ದು, ಸಶಸ್ತ್ರ ಪಡೆಯಿಂದ ಗುಂಪು ಚದುರಿಸಬಹುದು. ಆಗಲೂ ಸೇನಾಧಿಕಾರಿ ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕು, ಜೀವಕ್ಕೂ ಆಸ್ತಿಗೂ ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು. ಇದು ಸೇನೆ ಕರುಣೆಯಿಂದ ಪಾಲಿಸುವ ವಿಷಯ ಅಲ್ಲ, ಕಾನೂನಿನಲ್ಲೇ ಬರೆದಿದೆ. ಯಾವ ಮ್ಯಾಜಿಸ್ಟ್ರೇಟರನ್ನೂ ಸಂಪರ್ಕಿಸಲು ಆಗದ ಸಂದರ್ಭದಲ್ಲಿ ಸೇನಾಧಿಕಾರಿಯೇ ತೀರ್ಮಾನ ಮಾಡಬಹುದು, ಆದರೆ ಸಂಪರ್ಕ ಸಿಕ್ಕ ಕೂಡಲೇ ಮ್ಯಾಜಿಸ್ಟ್ರೇಟರ ಮಾತಿನಂತೆ ನಡೆಯಬೇಕು.

ಹಾಗಾಗಿ ನೀವು ತಿಳಿದಿಟ್ಟುಕೊಳ್ಳಬೇಕಾದ ಮೊದಲ ಹೆಸರು ಯಾವ ಮೇಜರ್‌ದೂ ಅಲ್ಲ. ನಿಮ್ಮ ತಾಲ್ಲೂಕಿನ ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ. ಮೈಸೂರು ನಗರದೊಳಗಾದರೆ ನಿಷೇಧಾಜ್ಞೆ ಸಾಮಾನ್ಯವಾಗಿ ಪೊಲೀಸ್ ಕಮಿಷನರ್ ಕಚೇರಿಯಿಂದ ಬರುತ್ತದೆ. ಇವರ ಕಚೇರಿ ನಂಬರ್‌ಗಳನ್ನು ಹಬ್ಬಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ, ಮೊಬೈಲಲ್ಲಿ ಮಾತ್ರ ಅಲ್ಲ, ಕಾಗದದ ಮೇಲೂ. ಇಂಟರ್ನೆಟ್ ನಿಂತಾಗ ಕಾಗದವೇ ಗತಿ.

ಇಲ್ಲಿ ಒಂದು ತಪ್ಪು ತಿಳುವಳಿಕೆ ತೆಗೆಯಬೇಕು. ಈಶಾನ್ಯ ರಾಜ್ಯಗಳ ಸುದ್ದಿ ನೋಡಿ, ಸೇನೆ ಬಂದರೆ ವಾರಂಟ್ ಇಲ್ಲದೆ ಮನೆ ನುಗ್ಗಬಹುದು, ಗುಂಡು ಹಾರಿಸಬಹುದು ಅಂತ ಹೆದರುವವರಿದ್ದಾರೆ. ಅದು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಅಫ್‌ಸ್ಪಾ ಅಂತಾರೆ. ಅದು ನಡೆಯುವುದು "ಪ್ರಕ್ಷುಬ್ಧ ಪ್ರದೇಶ" ಅಂತ ಘೋಷಿಸಿದ ಕಡೆ ಮಾತ್ರ. ನಮ್ಮ ರಾಜ್ಯದಲ್ಲಿ ಅದು ಜಾರಿಯಲ್ಲಿಲ್ಲ. ಇಲ್ಲಿ ಸೇನೆ ಬಂದರೂ ಮೇಲೆ ಹೇಳಿದ ಸಾಮಾನ್ಯ ಕಾನೂನಿನ ಕೆಳಗೇ ಬರುತ್ತದೆ.

ಪಥಸಂಚಲನ ನಡೆದಾಗ

ಸೈನಿಕರು ಸಾಲಾಗಿ, ಗಾಡಿಗಳ ಜೊತೆ, ಗಲಾಟೆ ನಡೆದ ಬೀದಿಗಳಲ್ಲಿ ನಡೆದುಹೋಗುತ್ತಾರೆ. ಯಾರನ್ನೂ ಮುಟ್ಟುವುದಿಲ್ಲ. ನಾವು ಇದ್ದೇವೆ ಅಂತ ತೋರಿಸುವುದೇ ಅದರ ಉದ್ದೇಶ. ಹೆದರಿದವರಿಗೆ ಧೈರ್ಯ, ಕಲ್ಲು ಎತ್ತಿಕೊಂಡವನಿಗೆ ಎಚ್ಚರಿಕೆ.

ನೀವು ಮಾಡಬೇಕಾದ್ದು ತುಂಬಾ ಸರಳ. ದಾರಿ ಬಿಡಿ. ಮಹಡಿ ಮೇಲೆ ಗುಂಪು ಕಟ್ಟಿ ನಿಲ್ಲಬೇಡಿ, ಗಲಾಟೆಯಲ್ಲಿ ಕಲ್ಲು ಬೀಳುವುದು ಮೇಲಿಂದಲೇ ಆದ್ದರಿಂದ ಸೈನಿಕರ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಯಾವ ಬೀದಿಯಲ್ಲಿ ಎಷ್ಟು ಗಾಡಿ ನಿಂತಿದೆ ಅಂತ ವಿಡಿಯೋ ಮಾಡಿ ಹಾಕಬೇಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಸೈನಿಕರಿಗೆ ಹೂವು ಹಾಕಿ, ಒಂದು ಕಡೆಯವರ ಘೋಷಣೆ ಕೂಗಿ ಸ್ವಾಗತಿಸಬೇಡಿ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಪಕ್ಕದ ಬೀದಿಯವರಿಗೆ ಅದು ಕಾಣುವುದು ಬೇರೆ ರೀತಿ: ಮಿಲಿಟರಿ ಅವರ ಕಡೆ ಇದೆ ಅಂತ. ನಾಗರಿಕ ನೆರವಿಗೆ ಬಂದ ಸೇನೆಯ ದೊಡ್ಡ ಬಲವೇ ಅದು ಯಾರ ಕಡೆಯೂ ಅಲ್ಲ ಅನ್ನುವ ನಂಬಿಕೆ. ಪೊಲೀಸರ ಮೇಲೆ ನಂಬಿಕೆ ಹೋದ ಬೀದಿಯಲ್ಲೂ ಸೈನಿಕನ ಮೇಲೆ ಉಳಿದಿರುತ್ತದೆ. ಅದನ್ನು ನಾವೇ ಕೆಡಿಸಿದರೆ ಊರಿಗೆ ಉಳಿದ ಕೊನೆಯ ದಾರಿಯೂ ಮುಚ್ಚುತ್ತದೆ. ಮಣಿಪುರದಲ್ಲಿ 2023ರ ಮೇ ತಿಂಗಳಲ್ಲಿ ಕಣಿವೆಯ ಮೈತೇಯಿ ಮತ್ತು ಬೆಟ್ಟದ ಕುಕಿ ಸಮುದಾಯಗಳ ನಡುವೆ ಹಿಂಸಾಚಾರ ಶುರುವಾದಾಗ ಸೇನೆ ಮತ್ತು ಅಸ್ಸಾಂ ರೈಫಲ್ಸ್ ಸಾವಿರಾರು ಜನರನ್ನು ಎರಡೂ ಕಡೆಯಿಂದ ಸುರಕ್ಷಿತ ಜಾಗಕ್ಕೆ ಸಾಗಿಸಿದವು, ಕಣಿವೆಗೂ ಬೆಟ್ಟಕ್ಕೂ ನಡುವೆ ತಡೆ ವಲಯ ಮಾಡಿ ನಿಂತವು. ಆದರೂ ಇಂಥ ಪಡೆ ಇಂಥವರ ಪರ ಅನ್ನುವ ಆರೋಪ ಹುಟ್ಟಿಕೊಂಡ ಮೇಲೆ ಅವರ ಕೆಲಸ ಬಹಳ ಕಷ್ಟವಾಯಿತು.

ಕರ್ಫ್ಯೂ ಇದ್ದರೆ ಮೊದಲ ದಿನವೇ ಒಂದು ಪಟ್ಟಿ ಮಾಡಿ ತಹಶೀಲ್ದಾರರಿಗೂ ಠಾಣೆಗೂ ಕೊಡಿ. ಡಯಾಲಿಸಿಸ್‌ಗೆ ಹೋಗುವವರು, ದಿನ ತುಂಬಿದ ಬಸುರಿಯರು, ಪರೀಕ್ಷೆ ಇರುವ ಮಕ್ಕಳು. ನಮ್ಮ ಕಡೆ ಹಾಲು ಮರೆಯಬಾರದು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಡೈರಿಗೆ ಹಾಲು ಹೋಗಬೇಕು, ಹಸು ಕರ್ಫ್ಯೂ ಕೇಳುವುದಿಲ್ಲ. ಕಬ್ಬು ಕಡಿದಿದ್ದರೆ ಗಾಡಿ ಕಾರ್ಖಾನೆ ಮುಟ್ಟಬೇಕು, ತಡವಾದಷ್ಟೂ ತೂಕ ಇಳಿಯುತ್ತದೆ, ಸಾಲ ಮಾಡಿ ಬೆಳೆದವನ ಸಿಟ್ಟು ಇನ್ನಷ್ಟು ಏರುತ್ತದೆ. ವ್ಯಾನಿನ ನಂಬರ್, ಚಾಲಕನ ಹೆಸರು, ಹೊರಡುವ ಹೊತ್ತು ಬರೆದುಕೊಟ್ಟರೆ ಪಾಸ್ ಸಿಗುವುದು ಸುಲಭ. ಚೆಕ್‌ಪೋಸ್ಟ್‌ನಲ್ಲಿ ನಿಂತ ಸೈನಿಕನಿಗೆ ಕನ್ನಡ ಬರದೇ ಇರಬಹುದು. ಜೊತೆಗೊಬ್ಬ ಸ್ಥಳೀಯ ಪೊಲೀಸ್ ಇರಲಿ ಅಂತ ಮೊದಲೇ ಕೇಳಿಕೊಳ್ಳಿ. ಎಷ್ಟೋ ಜಗಳ ಭಾಷೆ ಅರ್ಥವಾಗದೆ ಬೆಳೆಯುತ್ತದೆ. ನಿಮ್ಮ ಊರಿನ ನಿವೃತ್ತ ಸೈನಿಕರನ್ನು ಈ ಕೆಲಸಕ್ಕೆ ಕರೆಯಿರಿ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಅಂಥವರು ಇದ್ದಾರೆ, ಎರಡೂ ಕಡೆಯವರು ಅವರ ಮಾತಿಗೆ ಬೆಲೆ ಕೊಡುತ್ತಾರೆ, ಶಿಸ್ತಿನ ಭಾಷೆ ಅವರಿಗೆ ಗೊತ್ತು.

ತಡವಾಗಿ ಕರೆಯುವುದೂ ತಪ್ಪು, ಬೇಗ ಕರೆಯುವುದೂ ತಪ್ಪು

1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಹತ್ಯೆ ನಡೆಯುತ್ತಿದ್ದಾಗ ಸೇನೆ ಅದೇ ನಗರದಲ್ಲಿತ್ತು. ಕರೆಯಲು ತಡ ಮಾಡಿದ್ದರಿಂದ ಜೀವಗಳು ಹೋದವು ಅಂತ ಆಮೇಲೆ ತನಿಖೆ ಮಾಡಿದ ಮಿಶ್ರಾ ಆಯೋಗ ಹೇಳಿತು. ಸುತ್ತ ಮನೆಗಳು ಉರಿಯುತ್ತಿದ್ದರೆ, ಪೊಲೀಸರು ಕೈಕಟ್ಟಿ ನಿಂತಿದ್ದರೆ, ಸೇನೆ ಕರೆಯಿರಿ ಅಂತ ಜಿಲ್ಲಾಧಿಕಾರಿಯನ್ನು ಬರಹದಲ್ಲಿ ಕೇಳುವುದು ನಿಮ್ಮ ಹಕ್ಕು. ಹೊತ್ತು, ದಿನಾಂಕ ಹಾಕಿ ಕೇಳಿ. ಮುಂದೆ ಯಾವ ಆಯೋಗ ಕೂತರೂ ಆ ಕಾಗದ ಮಾತಾಡುತ್ತದೆ.

2016ರ ಫೆಬ್ರವರಿಯಲ್ಲಿ ಹರಿಯಾಣದಲ್ಲಿ ಜಾಟ್ ಮೀಸಲಾತಿ ಹೋರಾಟ ಹಿಂಸೆಗೆ ತಿರುಗಿತು. ರಸ್ತೆಗಳೆಲ್ಲ ಬಂದ್ ಆಗಿದ್ದರಿಂದ ಸೈನಿಕರು ರೋಹ್ಟಕ್‌ಗೆ ಹೆಲಿಕಾಪ್ಟರ್‌ನಲ್ಲಿ ಇಳಿಯಬೇಕಾಯ್ತು. ದೆಹಲಿಗೆ ನೀರು ಹೋಗುವ ಮುನಕ್ ಕಾಲುವೆಯನ್ನು ಹೋರಾಟಗಾರರು ತಡೆದಿದ್ದರು, ಸೇನೆಯೇ ಹೋಗಿ ವಶಕ್ಕೆ ತೆಗೆದುಕೊಂಡಿತು. ಕೆಆರ್‌ಎಸ್ ಕೆಳಗೆ, ವಿಶ್ವೇಶ್ವರಯ್ಯ ನಾಲೆ ಪಕ್ಕದಲ್ಲಿ ಬದುಕುವ ನಾವು ಇದನ್ನು ನೆನಪಲ್ಲಿ ಇಟ್ಟುಕೊಳ್ಳಬೇಕು. ಹೋರಾಟ ನಮ್ಮ ಹಕ್ಕು, ನೀರಿನ ನೋವು ನಿಜ. ಆದರೆ ಅಣೆಕಟ್ಟೆಯ ಗೇಟಿಗೋ ನಾಲೆಗೋ ಕೈ ಹಾಕಿದ ದಿನ ಅದು ರೈತರ ಹೋರಾಟವಾಗಿ ಉಳಿಯುವುದಿಲ್ಲ, ಸರ್ಕಾರದ ಲೆಕ್ಕದಲ್ಲಿ ಭದ್ರತೆಯ ವಿಷಯವಾಗುತ್ತದೆ, ಮಾತುಕತೆಯ ಬಾಗಿಲು ಅಲ್ಲಿಗೆ ಮುಚ್ಚುತ್ತದೆ.

ಹಾಗಂತ ಪ್ರತಿ ಕಲ್ಲೆಸೆತಕ್ಕೂ ಸೇನೆ ಬೇಡ. ಸೈನಿಕನಿಗೆ ಕಲಿಸಿರುವುದು ಶತ್ರುವಿನ ಜೊತೆ ಹೋರಾಡುವುದನ್ನು. ಎದುರಿಗೆ ಇರುವುದು ನಮ್ಮ ಊರಿನ ಹುಡುಗ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್ ಹತ್ತಿರ ಕಲ್ಲಿದ್ದಲು ಗಣಿಯಿಂದ ಮನೆಗೆ ಹೊರಟಿದ್ದ 6 ಕೂಲಿಗಳನ್ನು ಸೇನೆಯವರು ಉಗ್ರರು ಅಂದುಕೊಂಡು ಕೊಂದರು. ಅದರ ಹಿಂದೆಯೇ ಸಿಟ್ಟಿಗೆದ್ದ ಜನರ ಮೇಲೂ ಗುಂಡು ಹಾರಿ ಇನ್ನಷ್ಟು ಜನ ಸತ್ತರು. ರಾಜ್ಯದ ಪೊಲೀಸರು 30 ಯೋಧರ ಮೇಲೆ ಆರೋಪಪಟ್ಟಿ ಹಾಕಿದರು, ಕೇಂದ್ರ ವಿಚಾರಣೆಗೆ ಅನುಮತಿ ಕೊಡಲಿಲ್ಲ. ಅಲ್ಲಿ ಇರುವುದು ವಿಶೇಷಾಧಿಕಾರ ಕಾಯ್ದೆ. ಆದರೆ ನಮ್ಮ ಕಡೆಯ ಸಾಮಾನ್ಯ ಕಾನೂನಿನಲ್ಲೂ, 151ನೇ ಸೆಕ್ಷನ್ ಪ್ರಕಾರ, ಗುಂಪು ಚದುರಿಸುವಾಗ ಮಾಡಿದ ಕೆಲಸಕ್ಕೆ ಸೈನಿಕನ ಮೇಲೆ ಕೇಸು ನಡೆಸಬೇಕಾದರೆ ಕೇಂದ್ರದ ಅನುಮತಿ ಬೇಕು. ಮಾನವ ಹಕ್ಕುಗಳ ಆಯೋಗಕ್ಕೂ ಮಿತಿ ಇದೆ. 1993ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸಶಸ್ತ್ರ ಪಡೆಗಳ ವಿಷಯದಲ್ಲಿ ರಾಷ್ಟ್ರೀಯ ಆಯೋಗ ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು, ಅಷ್ಟೇ. ಪೊಲೀಸರ ಮೇಲಿನ ದೂರಾದರೆ ರಾಜ್ಯ ಆಯೋಗವೇ ನೇರವಾಗಿ ವಿಚಾರಣೆ ಮಾಡಬಹುದು. ಸೇನೆ ಬೇಕು ಅಂತ ಕೂಗುವ ಮುಂಚೆ ಈ ವ್ಯತ್ಯಾಸ ಗೊತ್ತಿರಲಿ.

ಸಿಕ್ಕ ಸಮಯದಲ್ಲಿ ಶಾಂತಿ ಸಭೆ ಮಾಡುವುದು ಹೇಗೆ

ಇದೇ ಮುಖ್ಯ ಕೆಲಸ. ಮಿಜೋರಾಂ ಕಥೆ ನೋಡಿ. 1966ರ ಮಾರ್ಚ್‌ನಲ್ಲಿ ಅಲ್ಲಿ ದಂಗೆ ಎದ್ದಾಗ ನಮ್ಮದೇ ವಾಯುಪಡೆ ಐಜಾಲ್ ಮೇಲೆ ದಾಳಿ ಮಾಡಿತು. ಮುಂದೆ ಹಳ್ಳಿ ಹಳ್ಳಿಯನ್ನೇ ಎಬ್ಬಿಸಿ ರಸ್ತೆ ಪಕ್ಕದ ಕಾವಲಿನ ಊರುಗಳಿಗೆ ಸೇರಿಸಿದರು. 20 ವರ್ಷ ಸೇನೆ ಇತ್ತು. ಶಾಂತಿ ಬಂದದ್ದು 1986ರ ಜೂನ್ 30ರಂದು, ಒಂದು ಮೇಜಿನ ಸುತ್ತ ಕೂತು ಒಪ್ಪಂದಕ್ಕೆ ಸಹಿ ಹಾಕಿದಾಗ. ಸಹಿ ಹಾಕಿದವರು ದಂಗೆಯ ನಾಯಕ ಲಾಲ್‌ಡೆಂಗಾ ಮತ್ತು ಸರ್ಕಾರದ ನಾಗರಿಕ ಅಧಿಕಾರಿಗಳು. ಆಗ ಮುಖ್ಯಮಂತ್ರಿಯಾಗಿದ್ದವರು ಕುರ್ಚಿ ಬಿಟ್ಟುಕೊಟ್ಟರು, ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ಇಷ್ಟು ದೊಡ್ಡ ಜಗಳ ಹೀಗೆ ಮುಗಿಯಬಹುದಾದರೆ ಒಂದು ಮೆರವಣಿಗೆಯ ದಾರಿಯ ಜಗಳ ಮುಗಿಯುವುದಿಲ್ಲವಾ?

ಎನ್‌ಎಸ್‌ಸಿಎನ್ (ಐಎಂ) ಅನ್ನುವ ನಾಗಾ ಸಶಸ್ತ್ರ ಗುಂಪಿನ ಜೊತೆ ಕೇಂದ್ರಕ್ಕೆ 1997ರ ಆಗಸ್ಟ್ 1ರಿಂದ ಕದನ ವಿರಾಮ ಇದೆ. ಅಂತಿಮ ಒಪ್ಪಂದ ಇನ್ನೂ ಎಳೆದಾಡುತ್ತಿದ್ದರೂ ಅಲ್ಲಿಂದ ಕಲಿಯಬೇಕಾದ್ದು ಒಂದಿದೆ. ನೆಲದ ನಿಯಮಗಳನ್ನು ಬರಹದಲ್ಲಿ ಮಾಡಿಕೊಂಡರು. ಸೇನೆ ಆ ಗುಂಪಿನ ಮೇಲೆ ದಾಳಿ ನಿಲ್ಲಿಸಬೇಕು, ಅವರು ಗೊತ್ತಾದ ಶಿಬಿರಗಳಲ್ಲಿ ಇರಬೇಕು, ಆಯುಧ ಹಿಡಿದು ಸಮವಸ್ತ್ರದಲ್ಲಿ ಊರೊಳಗೆ ತಿರುಗಬಾರದು, ವಸೂಲಿ ಮಾಡಬಾರದು. ನಿಯಮ ಮುರಿದರೆ ದೂರು ಕೇಳುವುದಕ್ಕೆ ಒಂದು ನಿಗಾ ಸಮಿತಿ, ಅದರ ಮುಖ್ಯಸ್ಥರಾಗಿ ನಿವೃತ್ತ ಸೇನಾಧಿಕಾರಿ.

ನಮ್ಮ ಶಾಂತಿ ಸಭೆಗಳಲ್ಲಿ ಇಲ್ಲದಿರುವುದು ಇದೇ. ಠಾಣೆಯಲ್ಲಿ ಕರೆಯುತ್ತಾರೆ, ಟೀ ಬಿಸ್ಕತ್ತು ಕೊಡುತ್ತಾರೆ, ಮುಖಂಡರು "ನಾವೆಲ್ಲ ಅಣ್ಣತಮ್ಮಂದಿರು" ಅಂತಾರೆ, ಫೋಟೋ ತೆಗೆದು ಮುಗಿಸುತ್ತಾರೆ. ಯಾವ ದಾರಿ, ಎಷ್ಟು ಹೊತ್ತು, ಮಸೀದಿ ಮುಂದೆ ತಮಟೆ ನಿಲ್ಲಿಸಬೇಕಾ ಬೇಡವಾ, ಡಿಜೆ ಇದೆಯಾ ಇಲ್ಲವಾ, ಕಲ್ಲು ಬಿದ್ದರೆ ಮೊದಲು ಯಾರು ಯಾರಿಗೆ ಫೋನ್ ಮಾಡಬೇಕು, ಇದೊಂದೂ ಕಾಗದಕ್ಕೆ ಇಳಿಯುವುದಿಲ್ಲ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಿನಲ್ಲಿ ಅಂಗಡಿಗಳು ಸುಟ್ಟುಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ನಷ್ಟ ಆದದ್ದು ದಿನದ ದುಡಿಮೆ ನಂಬಿದ ಅಂಗಡಿಯವರಿಗೆ.

ಹಾಗಾಗಿ ಹೀಗೆ ಮಾಡಿ. ಸಭೆ ದೇವಸ್ಥಾನದಲ್ಲೂ ಬೇಡ, ಮಸೀದಿಯಲ್ಲೂ ಬೇಡ, ಆದಷ್ಟು ಠಾಣೆಯಲ್ಲೂ ಬೇಡ. ಸರ್ಕಾರಿ ಶಾಲೆ, ತಾಲ್ಲೂಕು ಕಚೇರಿ ಒಳ್ಳೆಯದು. ಮುಖಂಡರ ಜೊತೆಗೆ ನಿಜವಾಗಿ ಬೀದಿಯಲ್ಲಿ ಇರುವವರನ್ನು ಕೂರಿಸಿ: ಆಟೋದವರು, ತರಕಾರಿ ಮಾರುವ ಹೆಂಗಸರು, ತಮಟೆ ತಂಡದವರು, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರು. ಹೆಂಗಸರು ಕೊನೆಯ ಸಾಲಿನಲ್ಲಿ ಕೂರುವಂತೆ ಆಗಬಾರದು, ಗಲಾಟೆ ಆದಾಗ ಯಾವ ಮನೆಯ ಹುಡುಗ ರಾತ್ರಿ ಮನೆಯಲ್ಲಿರಲಿಲ್ಲ ಅನ್ನುವುದು ಅವರಿಗೇ ಗೊತ್ತಿರುತ್ತದೆ.

ಮೊದಲ ಸಭೆಯಲ್ಲಿ ತಪ್ಪು ಯಾರದು ಅಂತ ತೀರ್ಮಾನ ಮಾಡಲು ಹೋಗಬೇಡಿ. ಅದು ಪೊಲೀಸರ ತನಿಖೆಯ ಕೆಲಸ, ಕೋರ್ಟಿನ ಕೆಲಸ. ಏನೇನು ನಷ್ಟ ಆಯ್ತು ಅಂತ ಎರಡೂ ಕಡೆಯಿಂದ ಬರೆಸಿಕೊಳ್ಳಿ, ಎರಡನ್ನೂ ಗಟ್ಟಿಯಾಗಿ ಓದಿಸಿ. ಎದುರಿನವನ ಸುಟ್ಟ ಅಂಗಡಿಯ ಲೆಕ್ಕ ಕಿವಿಗೆ ಬಿದ್ದಾಗ ದನಿ ತಾನಾಗಿ ಇಳಿಯುತ್ತದೆ. ಆಮೇಲೆ ಮುಂದಿನ ಹಬ್ಬದ ನಿಯಮ ಬರೆಯಿರಿ, ಒಂದೇ ಪುಟ, ಸರಳ ಕನ್ನಡದಲ್ಲಿ. ಮೆರವಣಿಗೆಯ ದಾರಿ, ಶುರು, ಮುಗಿಯುವ ಹೊತ್ತು, ಪ್ರತಿ ತಿರುವಿನಲ್ಲಿ ಎರಡೂ ಕಡೆಯ ಸ್ವಯಂಸೇವಕರ ಹೆಸರು. ಎಲ್ಲರ ಸಹಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಠಾಣೆಗೆ, ಒಂದು ಪಂಚಾಯ್ತಿ ನೋಟಿಸ್ ಬೋರ್ಡಿಗೆ. ನಿಗಾಕ್ಕೆ ಮೂವರು ಇರಲಿ, ಅದರಲ್ಲಿ ಒಬ್ಬರು ನಿವೃತ್ತ ಸೈನಿಕರೋ ನಿವೃತ್ತ ಮೇಷ್ಟ್ರೋ ಆಗಿದ್ದರೆ ಒಳ್ಳೆಯದು.

ಗಾಳಿ ಮಾತಿಗೂ ಒಬ್ಬರನ್ನು ನೇಮಿಸಿ. "ಅಲ್ಲಿ ಹೊಡೆದರಂತೆ" ಅಂತ ವಾಟ್ಸಾಪ್‌ನಲ್ಲಿ ಬಂದರೆ ಎರಡೂ ಕಡೆಯ ಇಬ್ಬರು ಮಾತಾಡಿಕೊಂಡು, ನಿಜವೋ ಸುಳ್ಳೋ ಅಂತ ಅರ್ಧ ಗಂಟೆಯೊಳಗೆ ಒಟ್ಟಿಗೆ ಧ್ವನಿ ಸಂದೇಶ ಹಾಕಬೇಕು. ಒಂದೇ ಸಂದೇಶದಲ್ಲಿ ಇಬ್ಬರ ದನಿಯೂ ಇದ್ದರೆ ಜನ ನಂಬುತ್ತಾರೆ.

ಕಾವೇರಿ ವಿಷಯದಲ್ಲೂ ಇಂಥ ಪ್ರಯತ್ನ ನಡೆದಿದೆ. 2003ರಲ್ಲಿ ಕರ್ನಾಟಕದ ಮತ್ತು ತಮಿಳುನಾಡಿನ ರೈತರು "ಕಾವೇರಿ ಕುಟುಂಬ" ಅಂತ ಮಾಡಿಕೊಂಡು ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ಬಂದರು, ಬರ ಬಂದ ವರ್ಷ ನೀರು ಹಂಚಿಕೊಳ್ಳುವುದು ಹೇಗೆ ಅಂತ ಕೂತು ಮಾತಾಡಿದರು. ಜಗಳ ಅದರಿಂದ ಮುಗಿಯಲಿಲ್ಲ, ನಿಜ. 2018ರಲ್ಲಿ ಕೋರ್ಟ್ ತಮಿಳುನಾಡಿಗೆ 177.25 ಟಿಎಂಸಿ ಅಂತ ತೀರ್ಪು ಕೊಡುವವರೆಗೂ ಎಳೆಯಿತು. ಆದರೆ ತಂಜಾವೂರಿನ ರೈತನ ಒಣಗಿದ ಗದ್ದೆಯನ್ನು ಕಣ್ಣಾರೆ ಕಂಡುಬಂದವನು ತಮಿಳುನಾಡಿನ ಬಸ್ಸಿಗೆ ಕಲ್ಲು ಹೊಡೆಯುವುದಿಲ್ಲ ಅಂತ ನಾನು ನಂಬುತ್ತೇನೆ. ಇಂಥ ಓಡಾಟ ಮತ್ತೆ ಶುರುವಾಗಬೇಕು, ನೀರು ಚೆನ್ನಾಗಿರುವ ವರ್ಷದಲ್ಲೇ ಆಗಬೇಕು.

ಪಡೆ ವಾಪಸ್ ಹೋಗುವ ದಿನ

ಸೇನೆ ಬಂದಿದೆ, ಊರು ತಣ್ಣಗಾಗಿದೆ, ಇನ್ನೂ ಸ್ವಲ್ಪ ದಿನ ಇರಲಿ ಅಂತ ಎಲ್ಲರಿಗೂ ಅನಿಸುತ್ತದೆ. ಹಾಗೆ ಬಿಟ್ಟರೆ ಪೊಲೀಸರೂ ಆಡಳಿತವೂ ಕೈ ಚೆಲ್ಲುತ್ತಾರೆ, ನಾವೂ ಚೆಲ್ಲುತ್ತೇವೆ. ಪಡೆ ಬಂದ ವಾರದಲ್ಲೇ ಜಿಲ್ಲಾಡಳಿತವನ್ನು ಕೇಳಿ: ಯಾವ ಸ್ಥಿತಿ ಬಂದರೆ ಇವರು ಹೋಗುತ್ತಾರೆ? ನಿಷೇಧಾಜ್ಞೆ ಎಂದಿನವರೆಗೆ? ಇಂಟರ್ನೆಟ್ ನಿಲ್ಲಿಸಿದ್ದರೆ ಆ ಆದೇಶವನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವ ಹಾಗಿಲ್ಲ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನು ಹೇಳಿಯೇ ಕೇಳಿ.

ಹೊರಡುವಾಗ ಒಂದೇ ದಿನದಲ್ಲಿ ಎಲ್ಲ ಖಾಲಿ ಮಾಡಬೇಡಿ ಅಂತಲೂ ಹೇಳಿ. ಮೊದಲು ಸೇನೆ ಬೀದಿಯಿಂದ ಹೊರಬಂದು ಊರಾಚೆ ಇರಲಿ, ಬೀದಿಗೆ ಆರ್‌ಎಎಫ್‌ ಅಥವಾ ಕೆಎಸ್‌ಆರ್‌ಪಿ ಬರಲಿ, ಆಮೇಲೆ ಠಾಣೆಯ ಮಾಮೂಲಿ ಬೀಟ್ ಪೊಲೀಸರು. ಪ್ರತಿ ಹೆಜ್ಜೆಗೂ ಮುಂಚೆ ನಿಮ್ಮ ಸಮಿತಿ ಸೇರಲಿ, ಒಂದು ಸಂತೆ ದಿನವೂ ಒಂದು ಶುಕ್ರವಾರದ ನಮಾಜೂ ಗಲಾಟೆ ಇಲ್ಲದೆ ಕಳೆಯಿತಾ ಅಂತ ನೋಡಲಿ. ಕಳೆದಿದ್ದರೆ ಮುಂದಿನ ಹೆಜ್ಜೆಗೆ ಒಪ್ಪಿಗೆ ಅಂತ ಬರೆದು ತಹಶೀಲ್ದಾರರಿಗೆ ಕೊಡಿ. ಗೌರಿ ಗಣೇಶ ಹಬ್ಬಕ್ಕೆ ತಿಂಗಳು ಇರುವಾಗ ಅದೇ ಸಮಿತಿಯನ್ನು ಮತ್ತೆ ಕರೆದು ಆ ಒಂದು ಪುಟದ ನಿಯಮವನ್ನು ಓದಿಸಿ, ಸಹಿ ಹಾಕಿದವರಲ್ಲಿ ಊರು ಬಿಟ್ಟವರಿದ್ದರೆ ಅವರ ಜಾಗಕ್ಕೆ ಹೊಸ ಹೆಸರು ಸೇರಿಸಿ.